ತಂಪಿಗಿಟ್ಟ ಮೂರು ದಿನ

ಬಾಯಿ ಒಂದು ಕಡೆ ಸೊಟ್ಟ ಮಾಡಿಕೊಂಡು ಕುಂತಿದ್ದ ನನ್ನ ಗಂಡನ್ನ ನೋಡಿ ನಾ ಮೊದಲಿಗೆ ಬೈದೆ. ಇದನ್ನ ಮುಚ್ಚಿಟ್ಟು ಏನ ಮಾಡ್ಲಿ? "ಮುಂಜಾನೆದ್ದು ಇದೊಂದು ಚೇಷ್ಟಿ ಶುರು ಆತೇನ್ರಿ? ಚಾ ಆರಾಕತ್ತೈತಿ, ಕುಡದು ಏಳ್ರಿ" ಅಂದೆ. ಹಂಗ ಅನ್ನಾಕ ಕಾರಣ ಇತ್ತು. ನಮ್ಮ ಮನಿಯವರಿಗೆ ಮಂದೀನ ಅಣಗಿಸೂದಂದ್ರ ಭಾಳ ಖುಷಿ. ಮಿಲ್ಲಿನ ಸೂಪರ್‌ವೈಸರ್ ಹೆಂಗ ಕೆಮ್ಮತಾನ, ಹಳಿಯಾಳ ಸಂತ್ಯಾಗ ಮೆಣಸಿನಕಾಯಿ ಮಾರಾಕಿ ಹೆಂಗ ತಕ್ಕಡಿ ಎತ್ತತಾಳ, ನಾ ಸಿಟ್ಟಾದಾಗ ನನ್ನ ಮೂಗು ಹೆಂಗ ಅರಳತೈತಿ, ಎಲ್ಲಾ ಮಾಡಿ ತೋರಸ್ತಿದ್ರು. ದಾಂಡೇಲಿ ಮಿಲ್ಲಿನ್ಯಾಗ ಕಾಗದ ಒಣಗಸೋ ಮಷಿನ್ ಮುಂದ ಜೀವಮಾನ ಎಲ್ಲಾ ನಿಂತು ರಿಟೈರ್ ಆದ ಮ್ಯಾಲ ಅವರಿಗೆ ಉಳದಿದ್ದ ಉದ್ಯೋಗ ಅಂದ್ರ ಅದೊಂದೇ.

ಆ ಮುಂಜಾನಿ ಅವರು ನಗಲಿಲ್ಲ. ಬಲಗೈಯಾಗಿನ ಕಪ್ಪು ಜಾರಿ ಬಿತ್ತು. ಬಿಸಿ ಚಾ ಲುಂಗಿ ಮ್ಯಾಲ ಚೆಲ್ಲಿತು, ಅದಕ್ಕೂ ಹಾ ಅನ್ನಲಿಲ್ಲ. ನನ್ನ ಕಡೆ ನೋಡಿ ಏನೋ ಹೇಳಾಕ ಹೋದ್ರು. ಬಂದದ್ದು ಮಾತಲ್ಲ, ಬರೇ ದನಿ. ಅವಾಗ ನಾ ಓಣಿಗೆಲ್ಲ ಕೇಳೂಹಂಗ ಒದರಿದೆ.

ಓಣ್ಯಾಗಿನ ಮಂದಿ ಕೂಡೇಬಿಟ್ರು. "ಲಕ್ವಾ ಹೊಡದೈತಿ, ಮೊದಲ ಕಂಬಳಿ ಹೊಚ್ಚು" ಅಂತ ಒಬ್ಬಾಕಿ. "ಬಳ್ಳೊಳ್ಳಿ ಎಣ್ಣಿ ಕಾಸಿಕೊಂಡು ಬರ್ತೇನಿ ತಡಿ" ಅಂತ ಇನ್ನೊಬ್ಬಾಕಿ. ಪುಣ್ಯಕ್ಕ ನಮ್ಮ ಮಗಳು, ಅಳಿಯ ಆ ವಾರ ನಮ್ಮ ಮನ್ಯಾಗ ಇದ್ರು. ಅಳಿಯ ಯಾರ ಮಾತಿಗೂ ಕಿವಿ ಕೊಡಲಿಲ್ಲ. ಮಾವನ್ನ ಎತ್ತಿ ಗಾಡ್ಯಾಗ ಕುಂಡ್ರಿಸಿದ, ಹಳಿಯಾಳ, ಧಾರವಾಡ ದಾಟಿಸಿ ಹುಬ್ಬಳ್ಳಿಯ ದವಾಖಾನಿ ಮುಟ್ಟಿಸಿದ. ದಾರಿ ತುಂಬ ನಾ ಅವರ ಬಲಗೈ ಹಿಡಕೊಂಡಿದ್ದೆ, ಅದು ನನ್ನ ಕೈ ಹಿಡೀಲಿಲ್ಲ.

ಸ್ಕ್ಯಾನ್ ಮಾಡಿದ್ರು, ಹೆಪ್ಪುಗಟ್ಟಿದ ರಕ್ತ ಕರಗಸೋ ಇಂಜೆಕ್ಷನ್ ಕೊಟ್ರು. ಆಮ್ಯಾಲ ಡಾಕ್ಟರ್ ನಮ್ಮನ್ನ ಕರೆದು ಕುಂಡ್ರಿಸಿ ಹೇಳಿದ್ರು: "ಮಿದುಳಿನ ಎಡಗಡೆ ಹೊಡತ ಬಿದ್ದೈತ್ರಿ. ಮಾತಿನ ಜಾಗಾ ಅದು. ನಡುವಿನ ಒಂದಿಷ್ಟು ಭಾಗ ಸತ್ತೈತಿ. ಅದರ ಸುತ್ತ ಇನ್ನೊಂದಿಷ್ಟು, ಸಾಯ್ಲೋ ಬದುಕ್ಲೋ ಅಂತ ಕುಂತೈತಿ. ಅದನ್ನ ಉಳಿಸಿಕೊಳ್ಳೂದು ಈಗ ನಮ್ಮ ಕೆಲಸ."

ಕೈ ಹೋದ್ರ ಹೋಗ್ಲಿ, ಕಾಲು ಹೋದ್ರೂ ಹೋಗ್ಲಿ, ನಾ ಉಣಸ್ತೇನಿ, ನಾ ಎಬ್ಬಸ್ತೇನಿ ಅಂತ ಅವಾಗೇ ಮನಸಿನ್ಯಾಗ ಲೆಕ್ಕ ಹಾಕಿಬಿಟ್ಟೆ. ಮಾತು ಒಂದು ಮಾತ್ರ ಹೋಗಬಾರದು. ನಾ ಒಂದ ಅಂದ್ರ ಎರಡ ಅನ್ನೋ ಮನಶ್ಯಾ ಅವರು. ಮದವ್ಯಾದಾಗಿಂದ ನಮ್ಮ ಸಂಸಾರ ನಡದದ್ದೇ ಬಾಯಿ ಮ್ಯಾಲ. ತಿರುಗಿ ಅನ್ನಾವ್ರು ಇಲ್ಲದ ಮನ್ಯಾಗ ನಾ ಯಾರ ಜೋಡಿ ಜಗಳಾಡ್ಲಿ? ಆ ಸಾಯ್ಲೋ ಬದುಕ್ಲೋ ಅಂತ ಕುಂತ ಜಾಗಾದಾಗ ನಮ್ಮವರ ಮಾತು ಕುಂತಿತ್ತು, ನನಗ ತಿಳದದ್ದು ಅಷ್ಟೇ.

ಮರುದಿನ ಜ್ವರ ಏರಿತು. ಡಾಕ್ಟರ್ ಮತ್ತ ಕರೆದ್ರು. "ಜ್ವರ ಬಂದ್ರ ಆ ಉಳದ ಭಾಗಾನೂ ಸಾಯತೈತಿ. ಮೈ ತಂಪು ಮಾಡಿ ಇಡತೇವಿ, ಒಂದು ಮೂರು ದಿನ" ಅಂದ್ರು. ತಂಪು ಮಾಡಿದ್ರ ಮಾತು ಬರತೈತೇನ್ರಿ ಅಂತ ನಾ ಕೇಳೇಬಿಟ್ಟೆ. ಡಾಕ್ಟರ್ ಸುಳ್ಳು ಹೇಳಲಿಲ್ಲ. "ಎದಿ ಬಡತ ನಿಂತು ಮತ್ತ ಶುರು ಆದವರಿಗೆ ಹಿಂಗ ತಂಪು ಮಾಡೂದು ಮೊದಲಿಂದ ನಡದೈತಿ. ಲಕ್ವಾ ಆದವರಿಗೆ ಇದರಿಂದ ಗ್ಯಾರಂಟಿ ಉಪಯೋಗ ಐತಿ ಅಂತ ನಾ ಹೇಳಂಗಿಲ್ಲ, ಇನ್ನೂ ನೋಡಾಕತ್ತಾರ. ಆದ್ರ ಜ್ವರ ಕೆಟ್ಟದ್ದು ಅನ್ನೂದು ಮಾತ್ರ ಖರೆ. ಜ್ವರ ಇಳಿಸಿ, ಮಾಮೂಲಿ ಮೈ ಬಿಸಿಗಿಂತ ಒಂದೀಟು ಕೆಳಗ ಇಡತೇವಿ, ಅಷ್ಟೇ." ಬ್ಯಾಸಗ್ಯಾಗ ಹಾಲು ಒಡೀಬಾರದಂತ ತಣ್ಣೀರಿನ ಪಾತೇಲ್ಯಾಗ ಇಡತೇವಲ್ಲ, ಹಂಗಿರಬೇಕು ಅಂತ ನಾ ತಿಳಕೊಂಡೆ. ತಲಿ ಆಡಿಸಿದೆ. ಮನಸು ಆಡಿಸಲಿಲ್ಲ.

ಯಾಕಂದ್ರ ನಮ್ಮ ಕಡೆ ಲಕ್ವಾ ಅಂದ್ರ ಗಾಳಿ. ಥಂಡಿ ಗಾಳಿ ಮೈಯಾಗ ಹೊಕ್ಕು ನರ ಹಿಡೀತೈತಿ ಅಂತಾರ. ಗಾಳಿ ಹೊಕ್ಕವರನ್ನ ಬೆಚ್ಚಗ ಇಡಬೇಕು. ಕಿಟಕಿ ಮುಚ್ಚಬೇಕು, ಓಂಕಾಳು ಹಾಕಿ ಎಣ್ಣಿ ಕಾಸಿ ತಿಕ್ಕಬೇಕು, ಕೌದಿ ಹೊಚ್ಚಬೇಕು, ತಣ್ಣೀರು ಸೋಕಿಸಲೇಬಾರದು. ತೇರಗಾಂವದಾಗ, ನನ್ನ ತವರಮನ್ಯಾಗ, ನಮ್ಮಜ್ಜಗ ಲಕ್ವಾ ಹೊಡದಾಗ ನಮ್ಮವ್ವ ಆರು ತಿಂಗಳ ಕಿಟಕಿ ತೆಗೀಲಿಲ್ಲ. ಅಜ್ಜ ಬದುಕಿದ. ಬೆಚ್ಚಗಿಟ್ಟದ್ದಕ್ಕ ಬದುಕಿದ ಅಂತ ಊರೆಲ್ಲ ಅಂತು, ನಾನೂ ಹಂಗ ನಂಬಿಕೊಂಡು ದೊಡ್ಡಾಕಿ ಆದೆ.

ಐಸಿಯು ಒಳಗ ಹೋಗಿ ನೋಡಿದ್ರ, ಅಯ್ಯ ಶಿವನೇ! ಅವರ ಮೈ ಕೆಳಗ ತಣ್ಣೀರು ಹರಿದಾಡೋ ಹಾಸಿಗಿ, ಕಂಕುಳಾಗ ಬರಫದ ಚೀಲ, ಎದಿ ಮ್ಯಾಲ ತೆಳ್ಳಾನ ಒಂದು ಬಿಳಿ ಬಟ್ಟಿ. ಬಿಸಿ ಮಷಿನ್ ಮುಂದ ದುಡದ ಮೈ ಅದು, ಥಂಡಿ ಅಂದ್ರ ಅದಕ್ಕ ಆಗ್ತಿದ್ದಿಲ್ಲ. ಯುಗಾದಿ ದಿನಾನೂ ಸ್ವೆಟರ್ ಹಾಕಿಕೊಂಡು ಬೇವು ಬೆಲ್ಲ ತಿಂತಿದ್ರು. ನಾ ಆ ಬಟ್ಟಿ ಮುಟ್ಟಿ ನೋಡಿದೆ. ಮುಸುರಿ ಬಟ್ಟಿ ಇದಕ್ಕಿಂತ ದಪ್ಪ ಇರತೈತಿ.

ಅಲ್ಲಿದ್ದ ನರ್ಸ್ ಜೋಯಿಡಾ ಕಡೆಯಾಕಿ. ಮೂವತ್ತರ ಆಚೀಚೆ ಇರಬೇಕು. ಮನಿ ಮಾತು ಕೊಂಕಣಿ, ಕನ್ನಡ ತೂಗಿ ತೂಗಿ ಆಡತಿದ್ಲು. "ಅವ್ವಾರ, ನೋಡೋದಕ್ಕೆ ಕಷ್ಟ ಆಗ್ತದೆ. ನೀವು ಏನೂ ಹೊದಿಸಬೇಡಿ" ಅಂತ ಮೊದಲ ದಿನಾನೇ ನನಗ ಬಿಡಿಸಿ ಹೇಳಿದ್ಲು. ನಾ ಹೂಂ ಅಂದೆ.

ತಂಪಿಗಿಟ್ಟ ಎರಡನೇ ದಿನ ಮುಂಡಗೋಡ ತಾಲೂಕಿನ ಸನವಳ್ಳಿಯಿಂದ ನನ್ನ ನಾದಿನಿ ಬಂದ್ಲು. ನಮ್ಮವರ ಅಕ್ಕ. ತಾಯಿ ಇಲ್ಲದ ತಮ್ಮನ್ನ ಸೊಂಟದ ಮ್ಯಾಲ ಹೊತ್ತು ಬೆಳಸಿದಾಕಿ, ಅದಕ್ಕ ಆ ತಮ್ಮನ ಮ್ಯಾಲ ನನಗಿಂತ ತನ್ನ ಹಕ್ಕು ಒಂದು ಗೇಣು ಹೆಚ್ಚು ಅಂತ ಆಕಿ ಎಂದೂ ಮರೀಲಿಲ್ಲ, ನನಗೂ ಮರೀಗೊಡಲಿಲ್ಲ. ಕೈಯಾಗ ಒಂದು ದೊಡ್ಡ ಚೀಲ. ಅದರಾಗ ಕೌದಿ. ತನ್ನ ಹಳೆ ಸೀರಿ ಹಾಸಿ ಹೊಲಿದ, ನಾಕು ಪದರಿನ, ಒದ್ದಿ ಆದ್ರ ಇಬ್ಬರು ಹಿಂಡಬೇಕಾದ ಕೌದಿ.

ನಾವಿಬ್ಬರೂ ಕೂಡಿ ಒಳಗ ಹೋದ್ವಿ. ಅವರು ನಡಗಾಕತ್ತಿದ್ರು. ಗದ್ದ ಟಕಟಕ ಅಂತಿತ್ತು. ಕಣ್ಣು ಮುಚ್ಚಿದ್ವು. ನಾದಿನಿ ಬಾಯಿಗೆ ಸೆರಗು ಇಟ್ಟುಕೊಂಡು ನಿಂತುಬಿಟ್ಲು. ಆಮ್ಯಾಲ ನನ್ನ ಕಡೆ ತಿರುಗಿ, "ಏ ತಂಗಿ, ಲಕ್ವಾ ಹೊಡದಾಂವನ್ನ ಬರಫದಾಗ ಇಟ್ಟಾರ, ನೀ ನೋಡಕೋತ ನಿಂತೀಯಲ್ಲ. ನಿನಗ ಕರಳ ಐತೋ ಇಲ್ಲೋ?" ಅಂದ್ಲು.

"ಡಾಕ್ಟರ್ ಹೇಳ್ಯಾರ್ರಿ ಅಕ್ಕಾ" ಅಂದೆ.

"ಡಾಕ್ಟರಗೇನ, ನಾಳೆ ಇನ್ನೊಬ್ಬಾಂವ ಬರ್ತಾನ. ನನಗ ಇನ್ನೊಬ್ಬ ತಮ್ಮ ಎಲ್ಲಿಂದ ಬರ್ತಾನ?"

ಎಲ್ಲಾ ತಪ್ಪು ನಾದಿನಿ ಮ್ಯಾಲ ಹಾಕಿ ನಾ ಪಾರಾಗಬಹುದು. ಭಾಳ ಮಂದಿ ಮುಂದ ಹಂಗ ಹೇಳೇನಿ ಕೂಡ. ಖರೇ ಹೇಳಬೇಕಂದ್ರ ಆಕಿ ಅನ್ನೂದನ್ನೇ ನಾ ಕಾಯಾಕತ್ತಿದ್ದೆ. ಕೌದಿ ಆಕಿ ತಂದ್ಲು, ಹೊಚ್ಚಿದಾಕಿ ನಾನು. ಚೀಲದಾಗಿಂದ ಎಳದು, ಕಾಲಿನಿಂದ ಗದ್ದದ ತನಕ ಹೊಚ್ಚಿ, ಎರಡೂ ಬದಿ ಮೈ ಕೆಳಗ ಒತ್ತಿದೆ. ಕಂಕುಳಾಗಿನ ಬರಫದ ಚೀಲ ತಗದು ಮಂಚದ ಕೆಳಗ ಇಟ್ಟೆ. ಬಾಜೂ ಮಂಚದ ಪೇಶಂಟಿಗೆ ಸೀರಿಯಸ್ ಆಗಿ ನರ್ಸ್ ಅಲ್ಲೆ ಸಿಕ್ಕೊಂಡಿದ್ಲು, ನಡುವ ಪರದೆ ಎಳದಿದ್ರು. ಒಂದೀಟು ಹೊತ್ತಿಗೆ ನಮ್ಮವರ ನಡುಗ ನಿಂತಿತು. ಮಾರಿ ಸಡಲಾತು. ನಾ ನಾದಿನಿ ಮಾರಿ ನೋಡಿದೆ, ಆಕಿ ನನ್ನ ಮಾರಿ ನೋಡಿದ್ಲು. ಮದವ್ಯಾದ ಮ್ಯಾಲ ಮೊದಲನೇ ಸಲ ಇಬ್ಬರೂ ಒಂದ ಮಾತಿನ ಮ್ಯಾಲ ಇದ್ವಿ. ಭೇಟಿ ಹೊತ್ತು ಮುಗೀತು ಅಂದ್ರು, ಹೊರಗ ಬಂದು ಸಮಾಧಾನದಿಂದ ಉಪ್ಪಿಟ್ಟು ತಿಂದ್ವಿ.

ಒಂದು ತಾಸು ಆಗಿರಬೇಕು. ನರ್ಸ್ ಬಾಗಲಕ್ಕ ಬಂದು ನನ್ನನ್ನ ಒಬ್ಬಾಕಿನ್ನೇ ಕರೆದ್ಲು. ಆಕಿ ಬೈಲಿಲ್ಲ, ಅದಕ್ಕ ನನಗ ಹೆಚ್ಚು ಅಂಜಿಕಿ ಆತು. ಮಂಚದ ಹತ್ತರ ಕರಕೊಂಡು ಹೋಗಿ ಮಷಿನ್ ತೋರಿಸಿದ್ಲು. ಜ್ವರ ನೂರಾ ಎರಡಕ್ಕ ಏರಿತ್ತು. "ಎರಡು ದಿನದ ಕೆಲಸ ಇದು. ಒಂದು ತಾಸಿನಲ್ಲಿ ತಿರುಗಿ ಹೋಯಿತು" ಅಂದ್ಲು. ಆಕಿ ಎರಡೂ ಕೈಯಾಗ ಹೊಸಾ ಬರಫದ ಚೀಲ ಇದ್ವು. "ನನ್ನ ಕೈ ಖಾಲಿ ಇಲ್ಲ ಅವ್ವಾರ. ನೀವೇ ತೆಗೀರಿ ಅದನ್ನ."

ನಾ ಕೌದಿ ಹಿಡದು ಎಳದೆ. ಬರಲಿಲ್ಲ. ನೋಡಿದ್ರ ಅವರ ಎಡಗೈ, ಗಟ್ಟಿ ಇದ್ದ ಕೈ, ಕೌದಿ ಅಂಚು ಹಿಡಕೊಂಡಿತ್ತು. "ಇವರಿಗೆ ಎಚ್ಚರ ಐತೇನ್ರಿ?" ಅಂತ ಕೇಳಿದೆ. "ಇಲ್ಲ. ಕೈಗೆ ಸಿಕ್ಕಿದ್ದು ಹಿಡಿತಾರೆ, ಕೂಸು ಹಿಡಿತದಲ್ಲ, ಹಾಗೆ. ಅವರಿಗೆ ಗೊತ್ತಾಗೋದಿಲ್ಲ" ಅಂದ್ಲು. ನಾ ಒಂದೊಂದೇ ಬೆರಳು ಬಿಡಿಸಿದೆ. ಬಿಡಿಸಿದ ಬೆರಳು ಮತ್ತ ಹಿಡಕೊಂತಿತ್ತು. ಕಡೀಕ ಜೋರಿನಿಂದ ಕಿತ್ತುಕೊಂಡೆ. ಮತ್ತ ನಡುಗ ಶುರು ಆತು. ನಾ ಅಲ್ಲೆ ನಿಂತು ಹೋ ಅಂತ ಅತ್ತೆ, ಮಂದಿ ಅದಾರ ಅನ್ನೋ ಖಬರೂ ಇಲ್ಲದ.

ಆ ನರ್ಸಿನ ಉಪಕಾರ ನಾ ಸಾಯೋತನಕ ಮರೆಯಂಗಿಲ್ಲ. ಬರಫ ಇಟ್ಟು ಮುಗಿಸಿ, ನನಗ ಒಂದು ಜೋಡಿ ದಪ್ಪನ್ನ ಕಾಲಚೀಲ ಕೊಟ್ಲು. "ನಿಮಗೆ ಬೆಚ್ಚಗೆ ಇಡಬೇಕಲ್ಲ? ಅಂಗೈ, ಅಂಗಾಲು ಬೆಚ್ಚಗಿಡಿ. ಅಷ್ಟು ಬೆಚ್ಚಗಿದ್ದರೆ ಮೈ ನಡುಗೋದು ಕಮ್ಮಿ ಆಗ್ತದೆ. ನಡುಗಿದರೆ ಮತ್ತೆ ಮೈ ಬಿಸಿ ಆಗ್ತದೆ, ನಮ್ಮ ಕೆಲಸ ಹಾಳು. ಎದೆ, ಕುತ್ತಿಗೆ ಮಾತ್ರ ಮುಟ್ಟಬೇಡಿ." ಯವ್ವಾ, ಇದನ್ನ ಮೊದಲ ಹೇಳಬಾರದಿತ್ತೇನ ಅಂತ ಬಾಯಿಗೆ ಬಂದದ್ದನ್ನ ನುಂಗಿಕೊಂಡೆ. ಡಾಕ್ಟರನ್ನ ಕೇಳಿ ಒಪ್ಪಿಗಿ ತಗೊಂಡು, ಆವತ್ತಿನಿಂದ ನನ್ನನ್ನ ಒಳಗ ಬಿಟ್ರು. ಎರಡು ಕೈ, ಎರಡು ಕಾಲು, ಇಷ್ಟು ನನ್ನ ಪಾಲಿಗೆ ಬಂದ ಸಂಸಾರ. ನನ್ನ ಅಂಗೈ ಒಂದಕ್ಕೊಂದು ತಿಕ್ಕಿ ಬಿಸಿ ಮಾಡೂದು, ಅವರ ಕೈ ಹಿಡಕೊಂಡು ಕುಂಡ್ರೂದು. ನಾನೂ ಆ ಥಂಡಿ ಹಾಸಿಗಿ ಬಾಜೂಕ ಕುಂತು ಕುಂತು ನಡುಗಿದೆ.

ನಾದಿನಿ ಇದನ್ನೆಲ್ಲ ಕೇಳಿ ಉರದುಬಿದ್ಲು. ಕೌದಿ ತಗದೀಯೇನ ಅಂತ ಕೇಳಿದ್ಲು. ಹೌದು ಅಂದೆ. "ಊರಿಗೆ ಒಯ್ಯತೇನಿ ಅವನ್ನ. ನಾಟಿ ಔಷಧ ಕೊಡಸ್ತೇನಿ. ಇಲ್ಲೆ ಬಿಟ್ರ ಕೊಲ್ಲತೀರಿ" ಅಂತ ಐಸಿಯು ಬಾಗಲದಾಗ ದನಿ ಏರಿಸಿದ್ಲು. ನಾ ಬಾಗಲಕ್ಕ ಅಡ್ಡ ನಿಂತೆ. ಜೀವಮಾನದಾಗ ಆಕಿಗೆ ಎದರ ಮಾತಾಡಿದಾಕಿ ಅಲ್ಲ ನಾನು. "ನನ್ನ ಮ್ಯಾಲ ಹಾದು ಒಯ್ರಿ" ಅಂದೆ. ಆಕಿ ಕೌದಿ ಚೀಲಕ್ಕ ತುರುಕಿಕೊಂಡು ಮುಂಡಗೋಡ ಬಸ್ಸು ಹತ್ತಿದ್ಲು. ಹೋಗೋ ಮುಂದ ನನಗ ಬರ್ತೇನಿ ಅನ್ನಲಿಲ್ಲ.

ಮೂರು ದಿನ ಮುಗದ ಮ್ಯಾಲ ನಿಧಾನಕ ತಂಪು ಬಿಡಿಸಿದ್ರು. ತಲಿ ಒಳಗಿನ ಬಾವು ಇಳದೈತಿ ಅಂದ್ರು. ಕಣ್ಣು ತಗದ್ರು ನಮ್ಮವರು. ನನ್ನ ನೋಡಿದ್ರು. ಮಾತು ಇರಲಿಲ್ಲ.

ಮನಿಗೆ ಬಿಡೋ ಮುಂದ ನಾ ಡಾಕ್ಟರ್ ಎದರ ನಿಂತು ಹೊಟ್ಟ್ಯಾಗಿಂದು ಹೊರಗ ಹಾಕಿದೆ. "ಆ ಒಂದು ತಾಸಿನ ಕೌದಿಯಿಂದ ಮಾತು ಹೋತೇನ್ರಿ?" ಡಾಕ್ಟರ್ ನನ್ನನ್ನ ಕುರ್ಚಿ ಮ್ಯಾಲ ಕುಂಡ್ರಿಸಿದ್ರು. "ಒಂದು ತಾಸಿನಿಂದ ಹೋತು ಅಂತ ಯಾರಿಗೂ ಹೇಳಾಕ ಬರಂಗಿಲ್ಲ. ಹೊಡತಾನ ದೊಡ್ಡದಿತ್ತು. ಮಾತು ಬರಬಹುದು, ಕಾಯ್ರಿ" ಅಂದ್ರು. ಒಳ್ಳೆ ಮನಸಿನಿಂದಾನೇ ಅಂದ್ರು. ಆದ್ರ ಹೇಳಾಕ ಬರಂಗಿಲ್ಲ ಅಂದ್ರ ಅಲ್ಲ ಅಂತಲೂ ಹೇಳಾಕ ಬರಂಗಿಲ್ಲ ಅಂತಲ್ಲ? ನಾ ಆ ಮಾತು ಹಿಡಕೊಂಡು ದಾಂಡೇಲಿಗೆ ಬಂದೆ. ಸನವಳ್ಳ್ಯಾಗ ನಾದಿನಿ, ತಂಪು ಹತ್ತಿಸಿ ಮಾತು ಕಳದ್ರು ಅಂತ ಮಂದಿಗೆ ಹೇಳಾಕತ್ತಿದ್ಲು. ಇಲ್ಲೆ ನಾ, ಬೆಚ್ಚಗ ಹೊಚ್ಚಿ ಕಳದೆ ಅಂತ ಒಳಗೊಳಗ ಸಾಯಾಕತ್ತಿದ್ದೆ.

ಎರಡು ತಿಂಗಳಿಗೆ ಕೋಲು ಹಿಡದು ನಡದ್ರು. ಮೂರನೇ ತಿಂಗಳು ಬಾಯಿಂದ ಮೊದಲನೇ ಮಾತು ಬಂತು: "ಆತ ಬಿಡು." ಆದದ್ದು ಆತು, ಬಿಟ್ಟುಬಿಡು ಅನ್ನೋ ಮಾತು. ನಾ ಕುಣದಾಡಿಬಿಟ್ಟೆ, ಓಣಿಗೆಲ್ಲ ಸಕ್ಕರಿ ಹಂಚಿದೆ. ಆಮ್ಯಾಲ ತಿಳೀತು, ಅದೊಂದೇ ಮಾತು. ಚಾ ಬೇಕೇನ್ರಿ ಅಂದ್ರ ಆತ ಬಿಡು. ಕಾಲು ನೋಯತಾವೇನ್ರಿ ಅಂದ್ರ ಆತ ಬಿಡು. ಮೊಮ್ಮಗಳು ಬಂದು ಅಜ್ಜಾ ಅಂತ ತೊಡಿ ಮ್ಯಾಲ ಕುಂತ್ರ ಆಕಿಗೂ ಆತ ಬಿಡು. ಮಾತು ಕಲಸಾಕ ಬರೋ ಮೇಡಂ, ಇದು ಹಿಂಗ ಆಗೂದುಂಟು, ಒಂದು ಮಾತು ಬಾಗಲದಾಗ ಸಿಕ್ಕೊಂಡು ಉಳದ ಮಾತಿಗೆಲ್ಲ ಅಡ್ಡ ನಿಂದರತೈತಿ ಅಂದ್ರು. ನಾ ಒಮ್ಮೊಮ್ಮೆ ತಲಿ ಕೆಟ್ಟು, "ಆತ ಬಿಡು, ಆತ ಬಿಡು, ಏನ ಬಿಡೂದ್ರಿ?" ಅಂತ ಒದರಾಡ್ತಿದ್ದೆ. ಅದಕ್ಕೂ ಉತ್ತರ ಅದೇ. ಒಳಗ ನಮ್ಮವರು ಇದ್ದಾರೋ, ಆ ಮಾತು ಒಂದೇ ಐತೋ, ನನಗ ಗೊತ್ತಾಗ್ತಿದ್ದಿಲ್ಲ.

ಎಂಟನೇ ತಿಂಗಳು. ಚಳಿಗಾಲ ಶುರು ಆಗಿತ್ತು. ಮಗಳು, ಅಳಿಯ ಸೂಟಿಗೆ ಬಂದವರು ನಮ್ಮನ್ನ ಊರ ಹತ್ತರ ಕಾಳಿ ಹೊಳಿ ದಂಡಿಗಿರೋ ಮೌಳಂಗಿಗೆ ಕರಕೊಂಡು ಹೋದ್ರು. ಕೂಸನ್ನ ಆಡಸಾಕ ಅವರು ಪಾರ್ಕಿನ ಕಡೆ ನಡದ್ರು. ನಾವಿಬ್ಬರೂ ಹೊಳಿ ದಂಡ್ಯಾಗ ಒಂದು ಬೆಂಚಿನ ಮ್ಯಾಲ ಕುಂತ್ವಿ. ಸಂಜಿ ನಾಕು ಗಂಟೆ ಇರಬೇಕು. ಕಾಳಿ ನೀರಿನ ಮ್ಯಾಲಿಂದ ತಣ್ಣನ್ನ ಗಾಳಿ ಬೀಸಾಕತ್ತಿತು. ನಾ ಶಾಲು ತಗದು ಅವರ ಹೆಗಲಿಗೆ ಹಾಕಾಕ ಹೋದೆ, ಹಾಕಲಾರದ ಕೈ ಅಲ್ಲೇ ನಿಂತುಬಿಟ್ಟಿತು. ಎಂಟು ತಿಂಗಳ ಹೊಟ್ಟ್ಯಾಗ ಇಟ್ಟುಕೊಂಡದ್ದು ಇನ್ನ ಇಡಾಕ ಆಗಲಿಲ್ಲ.

"ರೀ, ನಿಮಗ ಒಂದು ಮಾತು ಹೇಳಬೇಕು" ಅಂದೆ. "ದವಾಖಾನ್ಯಾಗ ನಿಮ್ಮನ್ನ ತಂಪಿಗೆ ಇಟ್ಟಿದ್ರು. ಹೊಚ್ಚಬ್ಯಾಡ ಅಂದಿದ್ರು. ನಾ ಕೇಳಲಿಲ್ಲ. ಕೌದಿ ಹೊಚ್ಚಿದೆ, ಜ್ವರ ಏರಿಸಿದೆ. ನಿಮ್ಮ ಮಾತು ನಾನೇ ಕಳದೇನೋ ಏನೋ. ನನಗ ಗೊತ್ತಿಲ್ಲ. ಡಾಕ್ಟರಿಗೂ ಗೊತ್ತಿಲ್ಲ. ನನ್ನ ಮ್ಯಾಲ ಸಿಟ್ಟು ಮಾಡ್ಕೋಬ್ಯಾಡ್ರಿ."

ಹೇಳಿ ಕಾದೆ. ನನಗ ಏನ ಬೇಕಾಗಿತ್ತು ಅಂತ ನನಗ ಚಲೋ ಗೊತ್ತಿತ್ತು. ಅವರ ಆ ಒಂದೇ ಒಂದು ಮಾತು. ದಿನಾ ನೂರು ಸಲ ಕೇಳಿ ಬ್ಯಾಸತ್ತ ಅದೇ ಮಾತು. ತಿಳದು ಅಂದ್ರೂ ಅಷ್ಟೇ, ತಿಳೀಲಾರದ ಅಂದ್ರೂ ಅಷ್ಟೇ, ನಾ ಅದನ್ನ ಮಾಫಿ ಅಂತ ಸೆರಗಿನ್ಯಾಗ ಕಟ್ಟಿಕೊಂಡು ಮನಿಗೆ ಹೋಗ್ತಿದ್ದೆ.

ಅವರು ಆತ ಬಿಡು ಅನ್ನಲಿಲ್ಲ. ನನ್ನ ಕಡೆ ತಿರುಗಿದ್ರು. ತುಟಿ ಒದ್ದಾಡಿದ್ವು. ಹಣಿ ಮ್ಯಾಲಿನ ನರ ಉಬ್ಬಿತು. ಎಡಗೈ ಮುಷ್ಟಿ ಬಿಗೀತು. ಮೇಡಂ ಹೇಳಿದ್ದು ನೆನಪಿತ್ತು, ಅವರ ಮಾತು ನಾವು ಮುಗಸಬಾರದು ಅಂತ. ನಾ ಹಲ್ಲು ಕಚ್ಚಿ ಕುಂತೆ.

"ಥಂಡಿ..." ಅಂದ್ರು. ಭಾಳ ಹೊತ್ತಾದ ಮ್ಯಾಲ, "ಥಂಡಿ ಇತ್ತು."

ನಾ ಶಾಲು ಬಾಜೂಕ ಇಟ್ಟು ಅವರ ಕಡೆ ಬಾಗಿದೆ.

"ಹಿಡದಿದ್ದೆ. ನೀ..." ಮುಷ್ಟಿ ಎತ್ತಿ ನನಗ ತೋರಿಸಿದ್ರು. "ನೀ ಕಸಗೊಂಡಿ."

ಹೊಚ್ಚಿದ್ದು ಅವರಿಗೆ ಒಂದು ತಪ್ಪೇ ಅಲ್ಲ. ಅವರು ಎಂಟು ತಿಂಗಳ ಒಳಗ ಇಟ್ಟುಕೊಂಡದ್ದು ಬ್ಯಾರೇನ ಇತ್ತು. ಗೊತ್ತಾಗೋದಿಲ್ಲ ಅಂದಿದ್ಲು ನರ್ಸ್, ಆಕಿ ಸುಳ್ಳು ಹೇಳಿದಾಕಿ ಅಲ್ಲ, ಆಕಿಗೂ ಗೊತ್ತಿರಲಿಲ್ಲ. ಒಂದೊಂದೇ ಬೆರಳು ನಾ ಬಿಡಸೋ ಮುಂದ ಅವರು ಅಲ್ಲೇ ಇದ್ರು. ನಾನೇ ಅಂತ ಗುರತು ಹಿಡದಿದ್ರು. ಬ್ಯಾಡ ಅನ್ನಾಕ ಬಾಯಿ ಇರಲಿಲ್ಲ, ಕೈಲೆ ಅಂದಿದ್ರು.

ಕಣ್ಣಾಗ ಸಿಟ್ಟಿತ್ತು. ಖರೇ ಸಿಟ್ಟು, ನನ್ನ ಗಂಡಂದು, ನಾ ಮದವ್ಯಾದ ಮನಶ್ಯಾಂದು. ಎಂಟು ತಿಂಗಳ ನೋಡದ ಆ ಕಣ್ಣು ನೋಡಿ ನನಗ ಅಳೂ ಬಂತು, ನಗೂ ಬಂತು, ಎದಿಯಾಗ ಚಾಕು ಹಾಕಿದಂಗೂ ಆತು.

"ಹೌದ್ರಿ" ಅಂದೆ. "ಕಸಗೊಂಡೆ. ನಾನೇ ಕಸಗೊಂಡೆ. ಇನ್ನೊಮ್ಮೆ ಅನ್ರಿ."

ಅವರು ಇನ್ನೊಮ್ಮೆ ಅಂದ್ರು.